ತಾತನ ಕಿವಿಯ ಹತ್ತಿ

ಅಡುಗೆಮನೆಯ ಮೇಜು,
ಭಾನುವಾರ ಮಧ್ಯಾಹ್ನ

ಪ್ರೀತಿಯ ಅಮ್ಮಾ,

ಬಚ್ಚಿಟ್ಟದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಓದು ಮುಗಿದ ಮೇಲೆ ನಾನು ಹೊಲಿಗೆ ಕಲಿಯಲು ಹೋಗಿದ್ದು ಒಂದೇ ವಾರ. ಆಮೇಲೆಲ್ಲ ಮದುವೆಗಳಲ್ಲಿ ಹಾಡು ಹಾಕುವ ಡಿಜೆ ಅಕ್ಕನ ಹಿಂದೆ ವೈರು ಸುತ್ತುತ್ತಾ ಅಲೆದಿದ್ದೇನೆ. ಫೋನಿನಲ್ಲಿ ನೀನು ಹೊಲಿಗೆ ಹೇಗಿದೆ ಅಂದಾಗ ಚೆನ್ನಾಗಿದೆ ಅಂದೆ. ಹೊಲಿಗೆ ಚೆನ್ನಾಗಿಯೇ ಇದೆ, ನಾನು ಹೋಗುತ್ತಿರಲಿಲ್ಲ ಅಷ್ಟೇ. ಫೋನಿನಲ್ಲಾದರೆ ನಡುವೆಯೇ ಬೈಯುತ್ತೀಯ, ಅದಕ್ಕೇ ಈ ಕಾಗದ. ಈ ಕೆಲಸ ನಾನು ಬಿಡಲಾರೆ. ಯಾಕೆ ಅಂತ ಓದಿ, ಆಮೇಲೆ ಬೈ. ನಿನ್ನ ಬೆನ್ನುನೋವು ಹೇಗಿದೆ? ಒಗೆಯುವ ಕೆಲಸದಲ್ಲಿ ಆಸ್ಪತ್ರೆಯ ಒದ್ದೆ ಹೊದಿಕೆಗಳನ್ನೆಲ್ಲ ಒಬ್ಬಳೇ ಎತ್ತಬೇಡ.

‘ಹಾಡೋರು ಯಾರೋ, ಕುಣಿಯೋರು ಯಾರೋ, ನಡುವೆ ಇವರದೇನು ದೊಡ್ಡಸ್ತಿಕೆ?’ ಅಂತ ಡಿಜೆಗಳನ್ನು ಕಂಡಾಗಲೆಲ್ಲ ನೀನು ಅನ್ನುತ್ತಿದ್ದೆಯಲ್ಲ, ಅದಕ್ಕೆ ಉತ್ತರ ನಿನ್ನೆ ಕಣ್ಣಾರೆ ಕಂಡೆ. ನಿನಗೆ ರಜೆ ಸಿಗಲಿಲ್ಲವಲ್ಲ, ಚಿಕ್ಕಪ್ಪನ ಮಗಳ ಆ ಮದುವೆಯಲ್ಲೇ. ತಾತ ಕಿವಿಗೆ ಹತ್ತಿ ತುರುಕಿಕೊಂಡೇ ಬಂದು, ಸ್ಪೀಕರಿಗೆ ಬೆನ್ನು ಹಾಕಿ ಕೂತಿದ್ದರು. ಊಟವಾದ ಮೇಲೆ ಅಕ್ಕ ಮೊದಲ ಸಲ ಹಾಡಿನ ಮೇಜನ್ನು ನನಗೆ ಬಿಟ್ಟಳು. ಜೋರಿನ ಹಾಡುಗಳನ್ನೇ ಹಾಕಿದೆ. ಹುಡುಗರು ಕುಪ್ಪಳಿಸಿದರು, ನಾನು ಉಬ್ಬಿಹೋದೆ. ಅಕ್ಕ ತಲೆಗೆ ಮೊಟಕಿದಳು: ‘ಕುಣಿಯೋರು ಹೆಂಗೂ ಕುಣೀತಾರೆ ಮರಿ. ಕೂತೋರನ್ನ ನೋಡು.’

ನೋಡಿದೆ. ಹೆಂಗಸರೆಲ್ಲ ಮನೆಗೆ ಹೊರಡಲು ಕೈಚೀಲ ಎತ್ತಿಕೊಳ್ಳುತ್ತಿದ್ದರು. ತಾತನ ಚಪ್ಪಲಿ ಮಾತ್ರ ಕುರ್ಚಿಯ ಕೆಳಗೆ ಮೆಲ್ಲಗೆ ತಾಳ ಹಾಕುತ್ತಿತ್ತು! ನೆಲದಿಂದ ಕಾಲಿಗೆ ಏರುವ ಪೆಟ್ಟನ್ನು ಯಾವ ಹತ್ತಿ ತಡೆದೀತು? ಅಕ್ಕ ಹೆಡ್‌ಫೋನನ್ನು ಒಂದೇ ಕಿವಿಗಿಟ್ಟಳು. ಆ ಕಿವಿ ಮುಂದಿನ ಹಾಡಿಗೆ, ಇನ್ನೊಂದು ಜನಕ್ಕೆ. ತಾತನ ಕಾಲದ ಹಾಡೊಂದನ್ನು ಹುಡುಕಿ, ಅವರ ಚಪ್ಪಲಿಯ ಲಯಕ್ಕೇ ಹೊಂದಿಸಿಕೊಟ್ಟಳು. ನಾನು ಬರೀ ಗುಂಡಿ ಸರಿಸಿದೆ, ನನ್ನದೇ ಅಂದರೆ ಸುಳ್ಳಾಗುತ್ತದೆ. ಒಂದು ಹಾಡು ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಯಿತೋ, ಹಾಲಿಗೆ ಹಾಲು ಬೆರೆತ ಹಾಗೆ, ಯಾರಿಗೂ ಗೊತ್ತಾಗಲಿಲ್ಲ. ತಾತ ಹತ್ತಿ ತೆಗೆದು ಜೇಬಿಗಿಟ್ಟರು. ಎದ್ದರು. ಅತ್ತೆಯ ಕೈ ಹಿಡಿದು ತಪ್ಪುತಪ್ಪಾಗಿ ಹೆಜ್ಜೆ ಹಾಕಿದರು. ಕೈಚೀಲಗಳು ಕುರ್ಚಿಗೆ ವಾಪಸಾದವು. ಆಗ ಅಕ್ಕ ಸದ್ದನ್ನು ಪೂರ್ತಿ ಇಳಿಸಿಬಿಟ್ಟಳು. ಹಾಡು ನಿಲ್ಲಲಿಲ್ಲ ಅಮ್ಮಾ, ಇಡೀ ಛತ್ರವೇ ಹಾಡುತ್ತಿತ್ತು! ಅವಳ ಕಡೆ ಒಬ್ಬರೂ ತಿರುಗಿ ನೋಡಲಿಲ್ಲ. ಅವಳ ದೊಡ್ಡಸ್ತಿಕೆ ಅದೇ.

ಬೆನ್ನಿಗೆ ಬಿಸಿನೀರಿನ ಶಾಖ ಕೊಟ್ಟುಕೋ. ಅತ್ತೆ ನಿನ್ನನ್ನು ಬಹಳ ಕೇಳಿದರು.

ಒಂದು ಕಡೆ ಕಾಲು ನಿಲ್ಲದ,
ನಿನ್ನ ಮಗಳು

ತಾ.ಕ.: ಊರೂರು ಸುತ್ತುವ ತನ್ನ ತಂಡಕ್ಕೆ ಅಕ್ಕ ನನ್ನನ್ನೂ ಕರೆದಿದ್ದಾಳೆ. ಒಪ್ಪಿಗೆ ಕೇಳುತ್ತಿದ್ದೇನೆ ಅಂತ ಬರೆಯಲಾರೆ, ಆಗಲೇ ಹೂಂ ಅಂದಾಯಿತು. ‘ಹೋಗೋದಾದ್ರೆ ಹೋಗು, ನಿಮ್ಮಮ್ಮ ಫೋನ್ ಮಾಡಿದಾಗ ನನಗಿದು ಬೇಕು’ ಅಂತ ತಾತ ಆ ಹತ್ತಿಯನ್ನು ಜೋಪಾನವಾಗಿ ಎತ್ತಿಟ್ಟುಕೊಂಡಿದ್ದಾರೆ. ನಾಳೆ ಬೆಳಿಗ್ಗೆ ಹೊರಡುತ್ತೇನೆ.