ಇನ್ಸ್‌ಪೆಕ್ಟರ್ ಅತ್ತ ಸಿನಿಮಾ

ಜುಲೈ ೧೨, ಭಾನುವಾರ

ಇವತ್ತು ನೋಡಿದ ಸಿನಿಮಾದಲ್ಲಿ ಆ ಇನ್ಸ್‌ಪೆಕ್ಟರ್ ಅತ್ತಿದ್ದು ತಲೆಯಿಂದ ಹೋಗುತ್ತಲೇ ಇಲ್ಲ. ಏನೂ ಮಾಡದ ಒಬ್ಬನನ್ನು ಕಳ್ಳನೆಂದುಕೊಂಡು ಕೈ ಮುರಿಯುವ ಹಾಗೆ ಬಡಿದ. ಆಮೇಲೆ ಮನೆಗೆ ಬಂದು, ಮಲಗಿದ್ದ ಮಗಳ ಪಾದ ಹಿಡಿದು ಬಿಕ್ಕಿದ. ಪಕ್ಕದಲ್ಲಿ ನಮ್ಮ ಯಜಮಾನರೂ ಮೂಗು ಒರೆಸಿಕೊಂಡರು. "ಎಂಥಾ ಪಾತ್ರ ನೋಡು! ಒಳ್ಳೇವ್ನೂ ಹೌದು, ಕೆಟ್ಟವ್ನೂ ಹೌದು."

ಹೊಡೆಸಿಕೊಂಡವನು ಮತ್ತೆ ತೆರೆಯ ಮೇಲೆ ಬರಲೇ ಇಲ್ಲ. ಅವನ ಅಂಗಿಗೆ ದಿನಾ ಗುಂಡಿ ಹಾಕಿಕೊಡುವವರು ಯಾರು ಅಂತ ಯಾರಿಗೆ ಬೇಕು?

ನಮ್ಮ ಮನೆಯಲ್ಲಿ ಅಣ್ಣನಿಗೆ ಗುಂಡಿ ಹಾಕಿಕೊಡುವವಳು ನಾನು. ಅಣ್ಣ ವಾಚು ರಿಪೇರಿ ಮಾಡುತ್ತಿದ್ದ. ಯಾರೋ ಕದ್ದ ವಾಚನ್ನು ರಿಪೇರಿಗೆ ಕೊಟ್ಟು ಹೋಗಿದ್ದಕ್ಕೆ ಇವನನ್ನು ಠಾಣೆಗೆ ಎಳೆದೊಯ್ದು, ಬೆರಳು ಮುರಿದು, "ಗೊತ್ತಾಗ್ಲಿಲ್ಲ, ಹೋಗಯ್ಯ" ಎಂದು ಕಳಿಸಿದರು. ಈಗ ಅದೇ ಅಂಗಡಿಯಲ್ಲಿ ಕೂತು ಬರೀ ವಾಚಿನ ಬೆಲ್ಟು ಮಾರುತ್ತಾನೆ.

ಇಂಥ ಕಥೆ ಅಂತ ಗೊತ್ತಿದ್ದರೆ ಅವನನ್ನು ಕರೆದೊಯ್ಯುತ್ತಲೇ ಇರಲಿಲ್ಲ. ಇನ್ಸ್‌ಪೆಕ್ಟರ್ ಮೊದಲ ಸಲ ತೆರೆಗೆ ಬಂದಾಗ ಅಣ್ಣ ಸೀಟಿನಿಂದ ಎದ್ದು ನಿಂತುಬಿಟ್ಟ. ಯೂನಿಫಾರ್ಮು ಕಂಡರೆ ಈಗಲೂ ಹಾಗೇ, ತಾನಾಗಿ ಎದ್ದುಬಿಡುತ್ತಾನೆ. ಹಿಂದಿನವರು "ಕೂತ್ಕೊಳ್ರೀ, ಕಾಣಲ್ಲ!" ಎಂದು ಕೂಗಿದರು. ನಾನೇ ಅಂಗಿ ಹಿಡಿದು ಜಗ್ಗಿ ಕೂರಿಸಿದೆ.

ಮನೆಗೆ ಬರುವಾಗ ಅಣ್ಣ ಮೆಲ್ಲಗೆ ಅಂದ: "ಪಾಪ ಕಣೇ, ಆ ಸಾಹೇಬ್ರಿಗೆ ನಿದ್ದೇನೇ ಬರಲ್ಲ."

ಮೈಯೆಲ್ಲ ಉರಿದುಹೋಯಿತು. ಅಣ್ಣನಿಗೆ ಹೊಡೆದವನು ಅವತ್ತು ಹೊಟ್ಟೆ ತುಂಬ ಉಂಡು ಗೊರಕೆ ಹೊಡೆದಿರುತ್ತಾನೆ. ಸಾಹೇಬರಿಗಂತೆ, ನಿದ್ದೆ ಬರಲ್ಲವಂತೆ! ಅಣ್ಣನ ಕೋಣೆಯ ದೀಪ ಇನ್ನೂ ಉರಿಯುತ್ತಲೇ ಇದೆ. ಆರಿಸಿದರೆ ಕಿರುಚುತ್ತಾನೆ.