ಕೋಟೆ ಚರ್ಚಿನ ಸೊಟ್ಟ ಕಿಂಡಿ

ಅಪ್ಪಾ, ನಮಸ್ಕಾರ ಆಮೇಲೆ, ಮೊದಲು ಸುದ್ದಿ ಕೇಳಿ! ಕೋಟೆಯೊಳಗೆ ನಾನು ಗಾರೆ ಮಾಡ್ತಿರೋ ಈ ಚರ್ಚು ಮೊದಲು ಚರ್ಚೇ ಅಲ್ಲ. ಬಿಳಿಯರು ಫಿರಂಗಿ ಮದ್ದು ತುಂಬಿಡ್ತಿದ್ದ ಉಗ್ರಾಣ! ಗೋಡೆ ಬುಡದಲ್ಲಿ ಹನ್ನೆರಡು ಕಿಂಡಿ ಇವೆ. "ಇಲಿ ಬಿಲ, ಮುಚ್ಚಿಬಿಡಮ್ಮ" ಅಂದ್ರು ಮೇಸ್ತ್ರಿ. ನೀವು ಕಲಿಸಿದ ಹಾಗೆ, ಮುಚ್ಚೋ ಮೊದಲು ಐದನೇದಕ್ಕೆ ಕೈ ಹಾಕಿ ನೋಡಿದೆ. ಮೊಣಕೈವರೆಗೆ ನೇರ ಹೋಗಿ ಕಿಂಡಿ ಪಕ್ಕಕ್ಕೆ ತಿರುಗಿಬಿಡ್ತು! ಒಳಗೆ ಗಾಳಿ ಬರಬೇಕು, ಕಿಡಿ ಮಾತ್ರ ಹಾರಿ ಬರಬಾರದು, ಅದಕ್ಕೇ ಆ ತಿರುವು. ಪಾದ್ರಿಗಳು ಹಳೇ ನಕ್ಷೆ ಬಿಚ್ಚಿ ನೋಡಿದ್ರೆ ನಿಜವೇ! ಯುದ್ಧ ಮುಗಿದ ಮೇಲೆ ಸಿಪಾಯಿಗಳು ಮದ್ದಿನ ಪೀಪಾಯಿ ಹೊರಗೆ ಸಾಗಿಸಿ, ಅಲ್ಲೇ ಶಿಲುಬೆ ನಿಲ್ಲಿಸಿದ್ರಂತೆ. ಖುಷಿಗೆ ಪಾದ್ರಿಗಳು ಹೊತ್ತಲ್ಲದ ಹೊತ್ತಲ್ಲಿ ಗಂಟೆ ಬಾರಿಸಿದ್ರು, ಅರ್ಧ ಊರೇ ಓಡಿ ಬಂತು!

ಸುಣ್ಣಕ್ಕೆ ಅಂಗೈ ಸುಲಿದಿದೆ, ಎಣ್ಣೆ ಹಚ್ತಿದ್ದೀನಿ, ಗಾಬರಿ ಬೇಡ. ಮೊದಲ ನಾಲ್ಕು ಕಿಂಡಿ ಕೈ ಹಾಕಿ ನೋಡದೇ ಮುಚ್ಚಿದ್ದೆ. ಈಗ ನಾನೇ ಕೆರೆದು ತೆಗೀತಿದ್ದೀನಿ. ಇದನ್ನ ಅಣ್ಣನಿಗೆ ಮಾತ್ರ ಹೇಳಬೇಡಿ, ವರ್ಷವಿಡೀ ಆಡ್ಕೋತಾನೆ.

ಅಯ್ಯೋ, ನಿಮಗೆ ಕಾರ್ಡು ಓದಿ ಹೇಳೋನೇ ಅವನಲ್ವಾ! ಅಣ್ಣಾ, ನಕ್ಕು ಮುಗಿದ ಮೇಲೆ ಅಪ್ಪನಿಗೆ ಇನ್ನೊಂದು ಸಲ ಮೊದಲಿಂದ ಓದು.

ನಿನ್ನ ತಂಗಿ