ಸಂಗಮ ಕ್ಲಬ್ ಮೈದಾನ ಬಿಟ್ಟಿತು

ಇಬ್ರಾಹಿಂಪಟ್ನಂ
9 ಫೆಬ್ರವರಿ 2025

ಮುದ್ದು ಮಗಳು ತನುವಿಗೆ,

ಚೆನ್ನಾಗಿದ್ದೀಯ ಎಂದು ನಂಬಿ ಬರೆಯುತ್ತಿದ್ದೇನೆ. ಸಂಕ್ರಾಂತಿಗೇ ಬರೆಯಬೇಕಿತ್ತು, ಕೈ ಏಳಲಿಲ್ಲ, ಬೇಸರ ಮಾಡಿಕೊಳ್ಳಬೇಡ. ಫೋನಿನಲ್ಲಿ ಹೇಳೋಣವೆಂದರೆ ನಿಮ್ಮಪ್ಪ ಪಕ್ಕದಲ್ಲೇ ಕೂತಿರುತ್ತಾರೆ. ವಿಶಾಖಪಟ್ನಂನಲ್ಲಿ ಔಷಧ ಕಂಪನಿಯ ಕೆಲಸ ಹೇಗಿದೆ? ಕೆಮ್ಮು ಹೋಯಿತೇ?

ನಮ್ಮ ಸಂಗಮ ಫುಟ್‌ಬಾಲ್ ಕ್ಲಬ್ ಕೊನೆಗೂ ಹಳೆಯ ಮೈದಾನ ಬಿಟ್ಟಿತು. ವಿಜಯವಾಡದ ಪಟಮಟದ ಆಚೆ ಹೊಸ ಸ್ಟೇಡಿಯಂ ಆಗಿದೆ. ನಾನು ಮದುವೆಯಾಗಿ ಭದ್ರಾವತಿಯಿಂದ ಈ ಕಾಲೋನಿಗೆ ಬಂದಾಗ ನಿಮ್ಮಪ್ಪ ಮತ್ತು ಥರ್ಮಲ್ ವಿದ್ಯುತ್ ಪ್ಲಾಂಟಿನ ಗೆಳೆಯರು ಶಿಫ್ಟ್ ಮುಗಿಸಿ ಬಂದು, ಜಾಲಿಮುಳ್ಳು ಕಡಿದು ಆ ಮೈದಾನ ಮಾಡುತ್ತಿದ್ದರು. ಬಿಳಿ ಜೆರ್ಸಿ ಹೊಲಿಸಿದರೆ ಚಿಮಣಿಯ ಬೂದಿಗೆ ಮಾಸಿಹೋಯಿತು. ಇನ್ನು ಇದೇ ನಮ್ಮ ಬಣ್ಣ ಎಂದು ಬೂದು ಬಣ್ಣವನ್ನೇ ಇಟ್ಟುಕೊಂಡರು. ವಿಜಯವಾಡದವರು ‘ಬೂಡಿದ ಟೀಮು’, ಬೂದಿ ತಂಡ, ಎಂದು ಆಡಿಕೊಳ್ಳುತ್ತಿದ್ದರು. ಜಿಲ್ಲಾ ಕಪ್ ಗೆದ್ದ ದಿನ ಅದೇ ಹೆಸರನ್ನು ನಮ್ಮವರೇ ಕೂಗಿ ಕುಣಿದರು. ಗೋಲು ಕಾದವನು ನಿನ್ನ ಅಣ್ಣ ಗೌರವ್.

ಮರುವರ್ಷ ಅಭ್ಯಾಸದ ಹೊತ್ತಿಗೆ ಸಿಡಿಲು ಬಡಿದು, ಅದೇ ಗೋಲಿನ ಮುಂದೆ ಗೌರವ್ ಹೋದ. ನಿಮ್ಮಪ್ಪ ಇನ್ನು ಆ ಕಡೆ ತಲೆ ಹಾಕುವುದಿಲ್ಲ ಎಂದುಕೊಂಡಿದ್ದೆ. ಅವರು ವಾಕಿಂಗ್ ಎಂದು ಹೇಳಿ ಅಲ್ಲಿಗೇ ಹೋಗುತ್ತಿದ್ದರಂತೆ.

ಸಾಮಾನು ಸಾಗಿಸುವ ಹಿಂದಿನ ಸಂಜೆ ಕತ್ತಲಾಗುತ್ತ ಬಂದರೂ ಮನೆಗೆ ಬರಲಿಲ್ಲ. ಕರೆಯಲು ಹೋದೆ. ಗೌರವ್ ಜೊತೆ ಆಡುತ್ತಿದ್ದ ಸೂರ್ಯಪ್ರಕಾಶ, ಈಗ ಕೋಚ್, ಗೇಟಿನ ಬಳಿ ನಿಂತಿದ್ದ.

“ಸಾರ್ ರೋಜೂ ಇಂತೇನಮ್ಮಾ,” ಎಂದ.

ದಿನಾ ಹೀಗೇ ಎನ್ನುವುದು ಕ್ಲಬ್ಬಿಗೆಲ್ಲ ಗೊತ್ತಿತ್ತು, ನನಗೊಬ್ಬಳಿಗೆ ಗೊತ್ತಿರಲಿಲ್ಲ.

ಮೈದಾನದಲ್ಲಿ ಬೇರೆ ಯಾರೂ ಇರಲಿಲ್ಲ. ನಿಮ್ಮಪ್ಪ ಖಾಲಿ ಗೋಲಿನತ್ತ ಚೆಂಡು ಒದೆಯುತ್ತಿದ್ದರು, ಎದುರಿಗಿದ್ದವನಿಗೆ ಹಿಡಿಯಲು ಸಿಗಲಿ ಎನ್ನುವಷ್ಟು ಮೆತ್ತಗೆ. ತಾವೇ ಹೋಗಿ ಹೆಕ್ಕಿ ತಂದು ಮತ್ತೆ ಒದ್ದರು.

“ಎಡಗಡೆ ಬಿಟ್ಟುಬಿಡ್ತೀಯ ಕಣೋ,” ಅಂದರು.

“ಏನ್ರೀ, ಮನೆಗೆ ಬನ್ನಿ,” ಎಂದೆ.

“ನಾಳೆ ಇಲ್ಲಿಗೆ ಬುಲ್ಡೋಜರ್ ಬರುತ್ತೆ ಹೇಮಾ. ಅವನಿಗೆ ಯಾರು ಹೇಳ್ತಾರೆ?”

“ನಾನು ಹೇಳ್ತೀನಿ. ನೀವು ನಡೀರಿ.”

ಮಗುವಿನ ಹಾಗೆ ನಡೆದರು. ದಾರಿಯುದ್ದಕ್ಕೂ ಅತ್ತರು. ಇಷ್ಟು ವರ್ಷದಲ್ಲಿ ಅವರು ಅತ್ತದ್ದು ನಾನು ಕಂಡಿರಲಿಲ್ಲ.

ಆಮೇಲೆ ಹಗುರಾದರು. ಹೊಸ ಸ್ಟೇಡಿಯಂನ ಮೊದಲ ಪಂದ್ಯಕ್ಕೆ ಹಳೆಯ ಸದಸ್ಯರನ್ನೆಲ್ಲ ಕರೆದಿದ್ದರು. ಅಲ್ಲಿ ಬೂದಿಯ ಸುಳಿವೂ ಇಲ್ಲ, ಹುಲ್ಲು ಬಣ್ಣ ಬಳಿದ ಹಾಗಿದೆ. ನಿಮ್ಮಪ್ಪ ಗೆಳೆಯರ ಜೊತೆ ಚಹಾ ಕುಡಿದರು, ಹೊಸ ಗೋಲ್‌ಕೀಪರನ ಬೆನ್ನು ತಟ್ಟಿದರು. ವಾಪಸ್ ಬರುವಾಗ ಬೆಂಜ್ ಸರ್ಕಲ್‌ನ ಟ್ರಾಫಿಕ್ಕಿನಲ್ಲಿ ನನ್ನ ಹೆಗಲ ಮೇಲೆ ನಿದ್ದೆ ಹೋದರು. ಕ್ವಾರ್ಟರ್ಸ್ ಬಿಟ್ಟು ನಿನ್ನ ಹತ್ತಿರ ಬಂದಿರಲು ಈಗ ಅವರೇ ಅವಸರ ಮಾಡುತ್ತಿದ್ದಾರೆ. “ಅಲ್ಲಿ ಸಮುದ್ರ ಇದೆ, ಹೋಗೋಣ,” ಅನ್ನುತ್ತಾರೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಹಿಡಿದ ಕೆಲಸ ನಿನ್ನ ಕೈಯಲ್ಲಿ ಹೂವಾಗಲಿ, ನೂರು ವರ್ಷ ಬಾಳು.

ನಿನ್ನ ಅಮ್ಮ,
ಹೇಮಾಕ್ಷಿ

ತಾ.ಕ.: ಆ ಪಂದ್ಯಕ್ಕೆ ನಿನಗೆಂದು ಕಾದಿರಿಸಿದ್ದ ಕುರ್ಚಿ ನನ್ನ ಪಕ್ಕದಲ್ಲಿ ಖಾಲಿ ಇತ್ತು. ಒಬ್ಬಾಕೆ ಬಂದು ಕೂರಬಹುದೇ ಎಂದು ಕೇಳಿದಳು. ನಿಮ್ಮಪ್ಪ ಹೂಂ ಅನ್ನುವ ಮೊದಲೇ ನಾನು, “ಮಾ ಬಾಬು ವಸ್ತಾಡು,” ಅಂದೆ. ಕನ್ನಡದಲ್ಲಾಗಿದ್ದರೆ ‘ನಮ್ಮ ಹುಡುಗ ಬರ್ತಾನೆ’ ಎನ್ನಲು ಬಾಯಿ ಬರುತ್ತಿರಲಿಲ್ಲವೇನೋ. ನಿಮ್ಮಪ್ಪ ನನ್ನನ್ನೇ ನೋಡುತ್ತಿದ್ದರು. ಆಟ ಮುಗಿಯುವವರೆಗೂ ಅಲ್ಲಿ ಯಾರನ್ನೂ ಕೂರಿಸಲಿಲ್ಲ. ನಿಮ್ಮಪ್ಪನನ್ನು ನೀನು ಕರೆದುಕೊಂಡು ಹೋಗು, ತನು. ಬರುವ ಭಾನುವಾರ ಮತ್ತೆ ಪಂದ್ಯ ಇದೆ. ನಾನು ಬೇಗ ಹೋಗಿ ಎರಡು ಜಾಗ ಹಿಡಿಯಬೇಕು.